ತೆರಿಗೆ ನಿರ್ಧರಣೆ: ಅಂದಾಜಿಗೂ ಆಧಾರ ಬೇಕು

ಚಳ್ಳಕೆರೆಯ ಎಣ್ಣೆ ಗಿರಣಿಯವರಾಗಲಿ ಮೊಳಕಾಲ್ಮೂರಿನ ರೇಷ್ಮೆ ಸೀರೆ ತಯಾರಕರಾಗಲಿ, ಅಧಿಕ ಆದಾಯ ತೆರಿಗೆಯ ಆದೇಶ ಕೈಸೇರಿದೊಡನೆ ಕೇಳುವುದು: “ಹೈಕೋರ್ಟಿಗೆ ಹೋಗೋಣವೇ?” ಅವಸರ ಬೇಡ. ಅಧಿಕಾರಿಯ ಅಂದಾಜಿಗೆ ಆಧಾರವೇನೆಂಬುದನ್ನು ಮೊದಲು ನೋಡತಕ್ಕದ್ದು.

ಢಾಕೇಶ್ವರಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಇತರ ಗಿರಣಿಗಳ ಲಾಭದ ಪ್ರಮಾಣವನ್ನು ಇಲಾಖೆಯು ನ್ಯಾಯಾಧಿಕರಣಕ್ಕೆ ಒದಗಿಸಿತ್ತು. ಕಂಪನಿಗೆ ಅದನ್ನು ತೋರಿಸಿರಲಿಲ್ಲ. ಬರಿಯ ಊಹೆಯ ಮೇಲೆ ಆದಾಯ ನಿರ್ಧರಿಸಲಾಗದೆಂದು 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ತಳ್ಳಿಹಾಕಿ ಮರುವಿಚಾರಣೆಗೆ ಕಳುಹಿಸಿತು. ಗಮನಿಸಿ, ತೆರಿಗೆಯೇ ರದ್ದಾಗಲಿಲ್ಲ; ಉತ್ತರಿಸುವ ಅವಕಾಶ ದೊರೆಯಿತು. ಆದುದರಿಂದ ಬೇರೆ ಗಿರಣಿಯ ಇಳುವರಿಯನ್ನು ನಿಮ್ಮ ಮೇಲೆ ಹೇರಿದಾಗ ಆ ವಿವರವನ್ನು ಲಿಖಿತವಾಗಿ ಕೇಳಿರಿ. ಮಳೆ ಕೈಕೊಟ್ಟ ವರ್ಷದ ಜೊಳ್ಳು ಶೇಂಗಾದಿಂದ ಎಣ್ಣೆ ಕಡಿಮೆಯೆಂಬುದು ನಮಗೆಲ್ಲ ತಿಳಿದದ್ದೇ. ಆದರೆ ಅದನ್ನು ಹೇಳಬೇಕಾದುದು ನಿಮ್ಮ ದಿನವಹಿ ಉತ್ಪಾದನಾ ಪುಸ್ತಕ, ನಿಮ್ಮ ಲೆಕ್ಕಪರಿಶೋಧಕನಲ್ಲ.

1961ರ ಕಾಯ್ದೆಯಡಿ ಹೊರಟ ಆದೇಶಕ್ಕೆ ಮೊದಲ ಮೇಲ್ಮನವಿಯ ಅವಧಿ 30 ದಿನ. ಅನಂತರ ನ್ಯಾಯಾಧಿಕರಣ, ಅಂಕಿ-ಅಂಶಗಳ ವಾದ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. 260ಎ ಕಲಮಿನಡಿ ಉಚ್ಚ ನ್ಯಾಯಾಲಯವು ಆಲಿಸುವುದು ಮಹತ್ವದ ಕಾನೂನು ಪ್ರಶ್ನೆಯನ್ನು ಮಾತ್ರ. ಮೊತ್ತ ಹೆಚ್ಚಾಯಿತೆಂಬ ಅಳಲು ಅಂಥ ಪ್ರಶ್ನೆಯಲ್ಲ; ಆಧಾರವೇ ಇಲ್ಲದ ಅಂದಾಜು ಅಂಥದಾಗಬಹುದು. ಮಾಹಿತಿಯನ್ನು ತೋರಿಸಲಿಲ್ಲವೆಂಬ ಆಕ್ಷೇಪವನ್ನು ಮೊದಲ ಮೇಲ್ಮನವಿಯಲ್ಲಿಯೇ ನಮೂದಿಸಿರಿ.