ಗೋಡೆಯ ನಾಡಿ

ಮಧ್ಯಾಹ್ನ ಎರಡೂವರೆಯ ಹೊತ್ತು. ತುಮಕೂರು ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರೋಗಿಗಳ ಸಾಲು ಕರಗಿತ್ತು. ನಮ್ಮ ತಂಡ ಕೊಟ್ಟಿದ್ದ ಫೋನನ್ನು ಸಿಸ್ಟರ್ ಔಷಧಿಯ ಬೀರುವಿಗೆ ಒರಗಿಸಿಟ್ಟು ಕೈ ತೊಳೆಯಲು ಹೋಗಿದ್ದರು. ಅದರ ಕ್ಯಾಮೆರಾ ಎದುರಿನ ಸುಣ್ಣದ ಗೋಡೆಯತ್ತ ಮುಖ ಮಾಡಿತ್ತು. ಕೈ ಒರೆಸಿಕೊಳ್ಳುತ್ತಾ ಬಂದವರು ಫೋನ್ ನೋಡಿ ನನ್ನನ್ನು ಕರೆದರು.

"ಮೇಡಂ, ಇಲ್ಲಿ ಬನ್ನಿ. ಗೋಡೆಗೆ ಅರವತ್ತು ಅಂತ ತೋರಿಸ್ತಿದೆ."

ಮುಖದ ವಿಡಿಯೊ ನೋಡಿ ನಾಡಿಬಡಿತ ಎಣಿಸುವ ಆ್ಯಪ್ ಅದು. ಮುಖವನ್ನು ಪರದೆಯ ಮೇಲಿನ ಚೌಕದೊಳಗೆ ಇಡಬೇಕು. ಚೌಕದೊಳಗಿರುವುದು ಮುಖವೇ ಎಂದು ಆ ಮೊದಲ ಆವೃತ್ತಿ ನಂಬುತ್ತಿತ್ತು. ಗೋಡೆ ಕಂಡರೆ ಅದು ಅಂಕಿ ಸಿಗದೆ ತಡವರಿಸಬೇಕಿತ್ತು. ಹಾಗಾಗದೆ, ನಿಮಿಷಕ್ಕೆ 60 ಎಂದು ಗಟ್ಟಿಯಾಗಿ ಹೇಳುತ್ತಿತ್ತು. ನನಗೆ ಕೈಕಾಲು ತಣ್ಣಗಾಯಿತು. ಏಕೆಂದರೆ ಆ ಬೆಳಿಗ್ಗೆ ಅಳೆದವರಲ್ಲಿ ಹಲವರಿಗೆ 60, 61 ಬಂದಿತ್ತು, ಹೊಲದಲ್ಲಿ ದುಡಿಯುವ ಜನ, ಗಟ್ಟಿ ಹೃದಯ ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದೂ ಇಟ್ಟಿದ್ದೆ.

ಆ ಗೋಡೆಯ ಮುಂದೆ ನಿಲ್ಲುವ ಹೊತ್ತಿಗೆ ನಾನು ಕಂಪ್ಯೂಟರ್ ಕೆಲಸಕ್ಕೆ ಇಳಿದು ಇಪ್ಪತ್ತು ವರ್ಷದ ಮೇಲಾಗಿತ್ತು. ಶುರು ಮಾಡಿದ್ದು ಬೆಂಗಳೂರಿನಲ್ಲಿ, ಹಲವು ಪ್ರೊಸೆಸರ್‌ಗಳನ್ನು ಒಟ್ಟಿಗೆ ದುಡಿಸುವ ಕೆಲಸದಲ್ಲಿ. ಆ ವಿದ್ಯೆಗೆ ಈ ಊರಿನಲ್ಲಿ ಹೆಮ್ಮೆಪಡುವಂಥ ಹಿನ್ನೆಲೆ ಇದೆ. ಇಲ್ಲಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ವಿಮಾನದ ಸುತ್ತ ಗಾಳಿ ಹರಿಯುವುದನ್ನು ಲೆಕ್ಕ ಹಾಕಲೆಂದು 1986ರಲ್ಲೇ ಫ್ಲೋಸಾಲ್ವರ್ ಎಂಬ ಇಂಥ ಕಂಪ್ಯೂಟರ್ ಕಟ್ಟಿದ್ದರು. ಪುಣೆಯ ಸಿ-ಡ್ಯಾಕ್‌ನ ಪರಮ್ 8000 ಸೂಪರ್‌ಕಂಪ್ಯೂಟರ್ ಬಂದದ್ದು 1991ರಲ್ಲಿ. ನಾನು ಸೇರುವ ಹೊತ್ತಿಗೆ ಇವೆಲ್ಲ ಹಿರಿಯರ ಬಾಯಲ್ಲಿ ಕಥೆಗಳಾಗಿದ್ದವು.

ಅಲ್ಲಿ ಒಮ್ಮೆ ಒಂದೇ ಪ್ರೋಗ್ರಾಮು 16 ಪ್ರೊಸೆಸರ್‌ಗಳಲ್ಲಿ ಒಂದು ಉತ್ತರ, 32ರಲ್ಲಿ ಇನ್ನೊಂದು ಉತ್ತರ ಕೊಟ್ಟಿತು. ವ್ಯತ್ಯಾಸ ಕೊನೆಯ ಕೆಲವು ಅಂಕಿಗಳಲ್ಲಿ ಮಾತ್ರ. ಎರಡು ರಾತ್ರಿ ಕೂತು ತಪ್ಪು ಹುಡುಕಿದೆ, ಸಿಗಲಿಲ್ಲ. ಕೊನೆಗೆ ಹಿರಿಯ ಸಹೋದ್ಯೋಗಿಯೊಬ್ಬರು ಕಾಗದ ಎಳೆದುಕೊಂಡು ಒಂದರ ಮುಂದೆ ಹದಿನಾರು ಸೊನ್ನೆ ಬರೆದರು. "ಇದಕ್ಕೆ ಒಂದು ಕೂಡಿಸಿ, ಆಮೇಲೆ ಇದನ್ನೇ ಕಳೆಯಿರಿ. ಕಾಗದದ ಮೇಲೆ ಒಂದು ಉಳಿಯುತ್ತೆ. ಕಂಪ್ಯೂಟರಿನಲ್ಲಿ ಸೊನ್ನೆ ಉಳಿಯುತ್ತೆ" ಎಂದರು. ದೊಡ್ಡ ಸಂಖ್ಯೆಯ ಪಕ್ಕದಲ್ಲಿ ಆ ಒಂದನ್ನು ಇಟ್ಟುಕೊಳ್ಳಲು ಯಂತ್ರದ ಬಳಿ ಜಾಗವಿಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಂತೆ ಅದು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಮೊದಲೇ ಕಳೆದು ಆಮೇಲೆ ಕೂಡಿಸಿದರೆ ಒಂದು ಸರಿಯಾಗಿ ಉಳಿಯುತ್ತದೆ. ಪ್ರೊಸೆಸರ್‌ಗಳ ಸಂಖ್ಯೆ ಬದಲಾದಾಗ ಕೂಡಿಸುವ ಕ್ರಮ ಬದಲಾಗುತ್ತದೆ, ಕ್ರಮ ಬದಲಾದಾಗ ಕಳೆದುಹೋಗುವ ಚೂರು ಬದಲಾಗುತ್ತದೆ. ಯಂತ್ರ ಪ್ರತಿ ಹೆಜ್ಜೆಯಲ್ಲೂ ಏನನ್ನೋ ಬಿಡುತ್ತಾ ಹೋಗುತ್ತದೆ, ಏನು ಬಿಟ್ಟಿತು ಎಂಬುದನ್ನು ನಮಗೆ ಹೇಳುವುದಿಲ್ಲ ಎಂದು ನನಗೆ ಮೊದಲು ಗೊತ್ತಾದದ್ದು ಆ ಕಾಗದದಿಂದ.

ಅದೇ ಕೆಲಸ ಕಲಿಸಿದ ಇನ್ನೊಂದು ವಿಷಯ, ಲೆಕ್ಕ ಮಾಡುವುದು ಅಗ್ಗ, ಸಾಗಿಸುವುದು ದುಬಾರಿ. ಪ್ರೊಸೆಸರ್‌ಗಳು ಗುಣಿಸಿ ಕೂಡಿಸುವುದಕ್ಕಿಂತ ಹೆಚ್ಚು ಹೊತ್ತು ಪಕ್ಕದ ಯಂತ್ರದಿಂದ ಅಂಕಿ ಬರಲಿ ಎಂದು ಕಾದು ಕೂರುತ್ತಿದ್ದವು. ಈ ಮಾತು ಮುಂದೆ ಹಳ್ಳಿಯಲ್ಲಿ ಕೈಹಿಡಿಯಿತು.

ಆಮೇಲೆ ಮೊಬೈಲ್ ವಿಡಿಯೊ. ಆಗಿನ ಫೋನಿನ ವಿಡಿಯೊ ಎಂದರೆ 176 ಅಡ್ಡ, 144 ಉದ್ದದ ಪಿಕ್ಸೆಲ್‌ಗಳ ಅಂಚೆಚೀಟಿ. ಅದನ್ನು ಸಣಕಲು ನೆಟ್‌ವರ್ಕಿನಲ್ಲಿ ತೂರಿಸುವುದು ನಮ್ಮ ಹೊಣೆ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, 1920×1080 ಅಳತೆಯ ವಿಡಿಯೊವನ್ನು ಸೆಕೆಂಡಿಗೆ 30 ಫ್ರೇಮಿನಂತೆ ಹಾಗೇ ಇಟ್ಟರೆ ಪ್ರತಿ ಸೆಕೆಂಡಿಗೆ ಸುಮಾರು 186 ಮೆಗಾಬೈಟ್ ಬೇಕು. ಯಾವ ಸಿಮ್ಮೂ ಅದನ್ನು ಹೊರಲಾರದು. ಆದ್ದರಿಂದ ಕಂಪ್ರೆಷನ್, ಅಂದರೆ ಕಣ್ಣಿಗೆ ಬೇಡವಾದದ್ದನ್ನು ಬಿಡುವುದು. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಚೆನ್ನಾಗಿ ಗುರುತಿಸುತ್ತದೆ, ಬಣ್ಣದ ಏರಿಳಿತವನ್ನು ಅಷ್ಟಾಗಿ ಗುರುತಿಸುವುದಿಲ್ಲ. ಹಾಗಾಗಿ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಮಾತ್ರ ಬಣ್ಣದ ಮಾಹಿತಿ ಉಳಿಸುತ್ತೇವೆ. ಚಿತ್ರವನ್ನು ಪುಟ್ಟ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಅಲೆಗಳ ಮೊತ್ತವಾಗಿ ಬರೆದು, ಸಣ್ಣ ಅಲೆಗಳನ್ನು ಸೊನ್ನೆ ಮಾಡುತ್ತೇವೆ.

ಅಲೆಗಳಾಗಿ ಬರೆಯುವ ಆ ಗಣಿತ ನಾಸಿರ್ ಅಹ್ಮದ್ ಅವರದು. ಹುಟ್ಟಿದ್ದು ಬೆಂಗಳೂರಿನಲ್ಲಿ, ಎಂಜಿನಿಯರಿಂಗ್ ಓದಿದ್ದು ಕೆ.ಆರ್. ವೃತ್ತದ ಯುವಿಸಿಇಯಲ್ಲಿ. ಅಮೆರಿಕಕ್ಕೆ ಹೋದ ಮೇಲೆ 1972ರಲ್ಲಿ ಈ ವಿಚಾರಕ್ಕಾಗಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವು ಕೇಳಿದರೆ, ತೀರಾ ಸರಳವಾಗಿದೆ ಎಂಬ ಅಭಿಪ್ರಾಯದ ಮೇಲೆ ಅರ್ಜಿ ತಿರಸ್ಕೃತವಾಯಿತು. ಅವರು ಬಿಡಲಿಲ್ಲ, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರ ಜೊತೆ 1974ರಲ್ಲಿ ಪ್ರಕಟಿಸಿದರು. ಜೆಪೆಗ್ ಫೋಟೊದಿಂದ ಹಿಡಿದು ಇಂದು ನಾವು ನೋಡುವ ವಿಡಿಯೊವರೆಗೆ ಅದೇ ಗಣಿತ, ಇಲ್ಲವೇ ಅದರ ಹತ್ತಿರದ ಬಂಧು ಕೆಲಸ ಮಾಡುತ್ತಿದೆ. ನಾನು ದಿನವೂ ಬಸ್ಸಿನಲ್ಲಿ ಆ ಕಾಲೇಜಿನ ಕಲ್ಲಿನ ಕಟ್ಟಡದ ಮುಂದೆ ಹಾದುಹೋಗುತ್ತಿದ್ದೆ. ಇದು ಗೊತ್ತಾದ ಮೇಲೆ ಒಂದು ಸಲ ಇಳಿದು ಗೇಟಿನ ಬಳಿ ನಿಂತು ಬಂದೆ.

ಹತ್ತು ವರ್ಷ ನಾನು ಇದನ್ನೇ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಯಾವುದನ್ನು ಬಿಟ್ಟರೆ ನೋಡುವವರಿಗೆ ತಿಳಿಯುವುದಿಲ್ಲ ಎಂಬುದು ನನ್ನ ಬೆರಳ ತುದಿಯಲ್ಲಿತ್ತು. ಆ ಅಭ್ಯಾಸವನ್ನು ಹೊತ್ತುಕೊಂಡೇ ಆರೋಗ್ಯದ ಕೆಲಸಕ್ಕೆ ಬಂದೆ. ದೂರದ ವೈದ್ಯಕೀಯ ನಮ್ಮ ರಾಜ್ಯಕ್ಕೆ ಹೊಸದಲ್ಲ. ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದು 2000ದ ದಶಕದ ಆರಂಭದಲ್ಲೇ. ಈಗ ಅದೇ ಕೆಲಸ ಜೇಬಿನ ಫೋನಿನಲ್ಲಿ ಆಗಬೇಕು, ವಿಡಿಯೊ ಕರೆಯಲ್ಲೇ ನಾಡಿಯೂ ಸಿಗಬೇಕು ಎಂಬುದು ನಮ್ಮ ಯೋಜನೆಯ ಆಸೆ.

ಮುಖದ ವಿಡಿಯೊದಿಂದ ನಾಡಿ ಸಿಗುವುದು ನಿಜ. ಹೃದಯ ಬಡಿದಾಗಲೆಲ್ಲ ಚರ್ಮದಡಿಯ ಸಣ್ಣ ನಾಳಗಳಿಗೆ ರಕ್ತ ನುಗ್ಗುತ್ತದೆ. ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹಾಗಾಗಿ ಪ್ರತಿ ಬಡಿತಕ್ಕೂ ಹಣೆ, ಕೆನ್ನೆಗಳಿಂದ ಹಿಂತಿರುಗುವ ಹಸಿರು ಒಂದಿಷ್ಟು ತಗ್ಗಿ ಮತ್ತೆ ಏರುತ್ತದೆ. ಕೋಣೆಯ ಸಾಮಾನ್ಯ ಬೆಳಕು, ಸಾಮಾನ್ಯ ಕ್ಯಾಮೆರಾ ಸಾಕು ಎಂದು 2008ರಲ್ಲೇ ಸಂಶೋಧಕರು ತೋರಿಸಿದ್ದರು. ಆದರೆ ಆ ಏರಿಳಿತ ಎಷ್ಟು ಸಣ್ಣದೆಂದರೆ, ಕ್ಯಾಮೆರಾ ಹಸಿರನ್ನು 256 ಮೆಟ್ಟಿಲುಗಳಲ್ಲಿ ಅಳೆದರೆ ಅದು ಒಂದು ಮೆಟ್ಟಿಲಿಗೂ ಸಾಲದಿರಬಹುದು. ಒಂದು ಪಿಕ್ಸೆಲ್ ನೋಡಿದರೆ ಏನೂ ಕಾಣುವುದಿಲ್ಲ. ಸಾವಿರಾರು ಪಿಕ್ಸೆಲ್‌ಗಳ ಸರಾಸರಿ ತೆಗೆದಾಗ ಕಾಣುತ್ತದೆ. ಅದು ಕಾಣಲು ಕಾರಣ ಕ್ಯಾಮೆರಾದ ಗದ್ದಲ. ಪ್ರತಿ ಪಿಕ್ಸೆಲ್ಲೂ ತಾನಾಗಿ ಅತ್ತಿತ್ತ ತುಯ್ದಾಡುತ್ತಿರುವುದರಿಂದ, ಹಸಿರು ಕೂದಲೆಳೆಯಷ್ಟು ಏರಿದರೂ ಮೇಲಿನ ಮೆಟ್ಟಿಲಿಗೆ ಜಿಗಿಯುವ ಪಿಕ್ಸೆಲ್‌ಗಳ ಸಂಖ್ಯೆ ಹೆಚ್ಚುತ್ತದೆ. ಸರಾಸರಿ ಅದನ್ನು ಹಿಡಿಯುತ್ತದೆ. ನಾನು ಹತ್ತು ವರ್ಷ ಕಸವೆಂದು ಗುಡಿಸಿದ್ದು ಈ ಗದ್ದಲವನ್ನೇ. ಬಣ್ಣದ ಸಣ್ಣ ಏರಿಳಿತ, ಪಿಕ್ಸೆಲ್‌ನ ತುಯ್ದಾಟ, ಕಣ್ಣಿಗೆ ಬೇಡವಾದ ಈ ಎರಡೇ ನಾಡಿಗೆ ಬೇಕಾದವು. ಇದು ನನಗೆ ಹೊಳೆದಾಗ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಆದರೆ ಹೊಳೆದದ್ದು ಗೋಡೆಯ ನಂತರ. ಅಲ್ಲಿಗೆ ಮರಳುತ್ತೇನೆ.

ಮೊದಲು ನನ್ನ ಅನುಮಾನ ಟ್ಯೂಬ್‌ಲೈಟಿನ ಮೇಲೆ ಹೋಯಿತು. ನಮ್ಮ ವಿದ್ಯುತ್ 50 ಹರ್ಟ್ಜ್. ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಮಂದ ಬೆಳಕಿನಲ್ಲಿ ಫೋನು ಫ್ರೇಮುಗಳನ್ನು ಕಡಿಮೆ ಮಾಡುತ್ತದೆ. ಸೆಕೆಂಡಿಗೆ 24.7 ಫ್ರೇಮು ಬಂತೆನ್ನಿ, ಅದರ ನಾಲ್ಕರಷ್ಟು 98.8, ನೂರಕ್ಕೆ 1.2 ಕಡಿಮೆ. ಆ 1.2 ನಿಮಿಷಕ್ಕೆ 72 ಬಡಿತವಾಗಿ ಕಾಣುತ್ತದೆ, ಆರೋಗ್ಯವಂತ ಮನುಷ್ಯನ ನಾಡಿಯ ಹಾಗೆಯೇ. ಸಿಸ್ಟರ್ ದೀಪ ಆರಿಸಿದರು. ಕಿಟಕಿಯ ಬೆಳಕಿನಲ್ಲೂ 60. ಫೋನನ್ನು ಜಗಲಿಗೆ ತಂದು, ಬಿಸಿಲು ಬಿದ್ದ ಕಾಂಪೌಂಡ್ ಗೋಡೆಯ ಮುಂದೆ ಹಿಡಿದೆವು. ಅಲ್ಲೂ 60. ಅಂಕಿ 59ಕ್ಕೂ ಹೋಗಲಿಲ್ಲ, 61ಕ್ಕೂ ಬರಲಿಲ್ಲ.

"ಇಷ್ಟು ಒಂದೇ ಸಮ ಯಾರ ನಾಡೀನೂ ಇರಲ್ಲ ಮೇಡಂ" ಎಂದರು ಸಿಸ್ಟರ್. ದಾರಿ ಸಿಕ್ಕಿದ್ದು ಆ ಮಾತಿನಿಂದ. ಒಂದೇ ಸಮ ಬಡಿಯುವುದು ಯಂತ್ರ. ನಮ್ಮ ಆ್ಯಪ್ ಮೊದಲು ವಿಡಿಯೊ ರೆಕಾರ್ಡ್ ಮಾಡಿ, ಕಂಪ್ರೆಸ್ ಆದ ಆ ಫೈಲಿನಿಂದ ನಾಡಿ ಎಣಿಸುತ್ತಿತ್ತು. ಕಂಪ್ರೆಸ್ ಮಾಡುವ ಎನ್‌ಕೋಡರ್ ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಹಿಂದಿನದಕ್ಕಿಂತ ಏನು ಬದಲಾಯಿತೋ ಅಷ್ಟನ್ನೇ ಬರೆಯುತ್ತದೆ, ನಡುನಡುವೆ ಒಂದು ಫ್ರೇಮನ್ನು ಹೊಸದಾಗಿ ಪೂರ್ತಿ ಬರೆಯುತ್ತದೆ. ಅದು ಕೀ ಫ್ರೇಮ್. ಪ್ರತಿ ಕೀ ಫ್ರೇಮಿಗೂ ಚಿತ್ರದ ಬಣ್ಣ ಚೂರು ಜಿಗಿಯುತ್ತದೆ. ನಮ್ಮ ಫೋನಿನಲ್ಲಿ ಸೆಕೆಂಡಿಗೊಂದು ಕೀ ಫ್ರೇಮ್ ಇತ್ತು. ಅಂದರೆ ನಿಮಿಷಕ್ಕೆ ಅರವತ್ತು. ಮುಖದಲ್ಲಿದ್ದ ನಿಜವಾದ ನಾಡಿಯನ್ನು ಎನ್‌ಕೋಡರ್ ಅಳಿಸಿ, ಆ ಜಾಗದಲ್ಲಿ ತನ್ನದೇ ಬಡಿತ ಇಟ್ಟಿತ್ತು.

ಆ ಬೆಳಗಿನ ಪುಟವನ್ನು ಸಿಸ್ಟರ್ ಎದುರಿಗೇ ಅಡ್ಡಗೆರೆ ಎಳೆದು ಹೊಡೆದುಹಾಕಿದೆ. ನಾವು ಅಳೆದವರಲ್ಲಿ ಒಬ್ಬರ ಚಿಕಿತ್ಸೆಗೂ ಆ ಅಂಕಿ ಬಳಕೆಯಾಗಿರಲಿಲ್ಲ. ಸಿಸ್ಟರ್ ಪ್ರತಿಯೊಬ್ಬರ ಕೈಹಿಡಿದು ಎಣಿಸಿದ್ದು ಕೇಂದ್ರದ ರಿಜಿಸ್ಟರಿನಲ್ಲಿ ಬೇರೆಯಾಗಿ ಇತ್ತು. ಅದನ್ನು ನೆನೆದರೆ ಇಂದಿಗೂ ಅವರಿಗೆ ಕೈಮುಗಿಯಬೇಕೆನಿಸುತ್ತದೆ.

ಬೆಂಗಳೂರಿಗೆ ಬಂದು ನಮ್ಮ ಹಳೆಯ ಪ್ರಯೋಗಗಳನ್ನು ತೆರೆದು ನೋಡಿದೆ. ಲ್ಯಾಬಿನಲ್ಲಿ ತೆಗೆದ ಕಚ್ಚಾ ವಿಡಿಯೊಗಳನ್ನು ಹಲವು ಪ್ರೊಸೆಸರ್‌ಗಳ ಕ್ಲಸ್ಟರಿನಲ್ಲಿ ಹನ್ನೆರಡು ಬಗೆಯ ಗುಣಮಟ್ಟಕ್ಕೆ ಕಂಪ್ರೆಸ್ ಮಾಡಿ, ಪ್ರತಿಯೊಂದರಿಂದಲೂ ನಾಡಿ ಎಣಿಸಿದ್ದೆವು. ಒಂದೇ ರಾತ್ರಿಯಲ್ಲಿ ಮುಗಿದ ಕೆಲಸ. ಆ ವೇಗ ನಮ್ಮಲ್ಲಿ ಭರವಸೆ ತುಂಬಿತ್ತು. ಆದರೆ ಆ ಅಷ್ಟೂ ವಿಡಿಯೊಗಳಲ್ಲಿ ಮುಖಗಳೇ ಇದ್ದವು. ಮುಖವಿಲ್ಲದ ಒಂದು ವಿಡಿಯೊ ಕೊಟ್ಟು ನೋಡಿ ಎಂದು ನಮಗಾರಿಗೂ ತೋಚಿರಲಿಲ್ಲ. ಸಾವಿರ ಪ್ರೊಸೆಸರ್ ಇದ್ದರೂ, ಕೇಳದ ಪ್ರಶ್ನೆಗೆ ಅವು ಉತ್ತರ ಹುಡುಕುವುದಿಲ್ಲ.

ಪರಿಹಾರಕ್ಕೆ ಹಳೆಯ ಪಾಠ ನೆರವಾಯಿತು. ವಿಡಿಯೊವನ್ನು ದೂರ ಕಳಿಸಿ ಅಲ್ಲಿ ನಾಡಿ ಎಣಿಸುವುದರ ಬದಲು, ಕ್ಯಾಮೆರಾದಿಂದ ಬಂದ ಫ್ರೇಮು ಎನ್‌ಕೋಡರಿಗೆ ಹೋಗುವ ಮೊದಲೇ ಹಣೆ, ಕೆನ್ನೆಗಳ ಕೆಂಪು, ಹಸಿರು, ನೀಲಿಯ ಸರಾಸರಿ ತೆಗೆಯುವುದು. ಫ್ರೇಮಿಗೆ ಮೂರು ಅಂಕಿ, ಸೆಕೆಂಡಿಗೆ 90 ಅಂಕಿ, ನಾನೂರು ಬೈಟ್ ಕೂಡ ಇಲ್ಲ. ಟವರ್ ಸಿಗ್ನಲ್ ಒಂದು ಗೀಟಿಗೆ ಇಳಿದಾಗಲೂ ಅದು ಹೋಗುತ್ತದೆ. ನಾಡಿಗಾಗಿ ರೋಗಿಯ ಮುಖ ಯಾವ ಸರ್ವರಿಗೂ ಹೋಗಬೇಕಿಲ್ಲ. ವೈದ್ಯರು ನೋಡಲು ಬೇಕಾದ ವಿಡಿಯೊ ತನ್ನ ಪಾಡಿಗೆ ಬೇರೆ ಹೋಗುತ್ತದೆ. ಅಲ್ಲೂ ವೈದ್ಯರು ಕೊರತೆ ಹೇಳಿದರು: ಕಣ್ಣಿನ ಕೆಳರೆಪ್ಪೆ ಕೆಂಪಗಿದೆಯೋ ಬಿಳಿಚಿದೆಯೋ ಗೊತ್ತಾಗುತ್ತಿಲ್ಲ, ಫೋನು ಬಣ್ಣ ತಿದ್ದುತ್ತಿದೆ ಎಂದು. ಕೆನ್ನೆಯ ಪಕ್ಕ ಒಂದು ಬಿಳಿ ಕಾಗದ ಹಿಡಿಯುವ ಉಪಾಯ ಸಿಸ್ಟರ್ ಅವರದು.

ಹೊಸ ಆವೃತ್ತಿ ಗೋಡೆಯನ್ನು ನೋಡಿ 'ನಾಡಿ ಸಿಗಲಿಲ್ಲ' ಎಂದಿತು. ಆ ಎರಡಕ್ಷರದ 'ಇಲ್ಲ' ಹೇಳಿಸಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಬಿಸಿಲಿನಲ್ಲಿ ದುಡಿದು ಬಂದವರ ಗಾಢ ಬಣ್ಣದ ಚರ್ಮದಲ್ಲಿ ಮೆಲನಿನ್ ಬೆಳಕನ್ನು ಹೆಚ್ಚು ಹೀರುವುದರಿಂದ ನಾಡಿಯ ಸುಳಿವು ಇನ್ನೂ ಕ್ಷೀಣ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಇಲ್ಲಿ ಎಡವುತ್ತದೆ. ಅದು ಕಾಣದೆ ಬಿಟ್ಟ ಆಮ್ಲಜನಕದ ಕೊರತೆ ಬಿಳಿಯರಿಗಿಂತ ಕಪ್ಪು ಜನರಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ನಮ್ಮ ಲ್ಯಾಬಿನ ಸ್ವಯಂಸೇವಕರು ನೆರಳಿನಲ್ಲಿ ಕೂತು ಕೆಲಸ ಮಾಡುವ ಹುಡುಗರು. ಸುಳಿವು ಸಾಲದಾಗ ಅಂದಾಜು ಅಂಕಿ ಕೊಡದೆ 'ಸಿಗಲಿಲ್ಲ' ಎಂದೇ ಹೇಳಬೇಕು ಎಂದು ನಾನು ಹಟ ಹಿಡಿದೆ. ತಂಡದಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ನಾನು ಬಿಡಲಿಲ್ಲ.

ಹೊಸ ಆವೃತ್ತಿ ಹಿಡಿದು ಹೋದ ಆ ಸಲ ಕೇಂದ್ರಕ್ಕೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಂದಿದ್ದರು. ಫೋನು ಅವರ ಮುಖ ನೋಡಿ 84 ಎಂದಿತು. ಒಳ್ಳೆಯ ಬೆಳಕು, ಅಲುಗದೆ ಕೂತ ಅಜ್ಜಿ. ಆ ಅಂಕಿಯ ಮೇಲೆ ನನಗೆ ಪೂರ್ತಿ ನಂಬಿಕೆ. ಸಿಸ್ಟರ್ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಗೋಡೆಯ ಗಡಿಯಾರ ನೋಡುತ್ತಾ ನಿಂತರು. ಹದಿನೈದು ಸೆಕೆಂಡಿಗೆ ಬಿಡುವವರು ಅಂದು ಪೂರ್ತಿ ನಿಮಿಷ ಹಿಡಿದರು. ಮತ್ತೆ ಇನ್ನೊಂದು ನಿಮಿಷ.

"ಇದು ತಾಳ ತಪ್ಪಿ ಹೊಡೀತಿದೆ ಮೇಡಂ. ಎರಡು ಬಡಿದು ನಿಲ್ಲುತ್ತೆ, ಆಮೇಲೆ ಮೂರು ಒಟ್ಟಿಗೆ ಓಡುತ್ತೆ."

ಅಜ್ಜಿ ನನ್ನ ಕಡೆ ತಿರುಗಿ, "ರಾತ್ರಿ ಎದೆ ಒಳಗೆ ಗುಬ್ಬಿ ಪಟಪಟ ಅಂದಂಗಾಗ್ತೈತೆ ಕಣವ್ವ" ಎಂದರು.

ತಾಲ್ಲೂಕು ಆಸ್ಪತ್ರೆಗೆ ಕಳಿಸಿ ಇಸಿಜಿ ಮಾಡಿಸಿದರೆ ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ತಾಳವಿಲ್ಲದೆ ನಡುಗುವ ತೊಂದರೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಔಷಧಿ ಶುರುವಾಯಿತು.

ನಮ್ಮ 84 ತಪ್ಪೂ ಅಲ್ಲ. ಅದು ಸರಾಸರಿ. ಅರ್ಧ ನಿಮಿಷದ ಏರಿಳಿತವನ್ನು ತೆಗೆದುಕೊಂಡು, ಅದರಲ್ಲಿ ಎಲ್ಲಕ್ಕಿಂತ ಜೋರಾದ ಒಂದೇ ಲಯ ಹುಡುಕಿ, ಉಳಿದದ್ದನ್ನು ಬಿಡುವುದು ನಮ್ಮ ಲೆಕ್ಕದ ಕ್ರಮ. ಹೃದಯ ಒಂದೇ ಸಮ ಬಡಿಯುತ್ತದೆ ಎಂದು ನಾವೇ ಅದಕ್ಕೆ ಹೇಳಿಕೊಟ್ಟಿದ್ದೆವು. ಈ ಸಲ ಬಿಟ್ಟಿದ್ದು ಎನ್‌ಕೋಡರ್ ಅಲ್ಲ, ನಾನು ಬರೆದ ಸಾಲುಗಳು.

ಮುಂದಿನ ತಿಂಗಳು ಹೋದಾಗ, ಅಜ್ಜಿಯ ಒಪ್ಪಿಗೆಯ ಮೇಲೆ ಉಳಿಸಿಕೊಂಡಿದ್ದ ಅಂದಿನ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ತೆಗೆದು ಸಿಸ್ಟರ್ ಮುಂದೆ ಇಟ್ಟೆ. ಲಯ ಹುಡುಕಿಲ್ಲ, ಸರಾಸರಿ ಮಾಡಿಲ್ಲ, ಫ್ರೇಮಿನಿಂದ ಫ್ರೇಮಿಗೆ ಹಸಿರು ಏರಿಳಿದದ್ದು ಅಷ್ಟೇ. ಅವರು ಕನ್ನಡಕ ಹಾಕಿಕೊಂಡು ಹತ್ತಿರ ಬಾಗಿ, ಗೆರೆಯ ಮೇಲೆ ಬೆರಳು ಸರಿಸುತ್ತಾ ಬಾಯಲ್ಲಿ ಮೆಲ್ಲಗೆ ಎಣಿಸತೊಡಗಿದರು. ಎರಡು ಗುಬ್ಬಟ, ಆಮೇಲೆ ಬಯಲು, ಆಮೇಲೆ ಒತ್ತೊತ್ತಾಗಿ ಮೂರು. ಬಯಲಿನ ಮೇಲೆ ಬೆರಳು ನಿಂತಿತು.

"ಇದೇ ಮೇಡಂ" ಎಂದರು. "ಇಲ್ಲೇ ನಿಂತಿದ್ದು."