ತಾಯಿ ಹಸುವನ್ನೂ ನೋಡು

ಮಗಳೇ,

ನೆಬ್ರಾಸ್ಕಾಕ್ಕೆ ಹೋಗಿ ಮಾಂಸದ ದನಗಳಲ್ಲಿ ಕೊಬ್ಬು ಬೆಳೆಯುವ ಬಗೆಯ ಮೇಲೆ ಪಿಎಚ್‌.ಡಿ. ಮಾಡುತ್ತೀಯಂತೆ. ನಿಮ್ಮಪ್ಪ ಹೇಳಿದ. ಅವನ ದನಿಯಲ್ಲಿ ಹಿಗ್ಗಿನ ಜೊತೆ ಒಂದಿಷ್ಟು ಕಸಿವಿಸಿಯೂ ಇತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ. ಜೀವಮಾನವಿಡೀ ಕೊಟ್ಟಿಗೆಗಳಲ್ಲಿ ಕಳೆದ ಪಶುವೈದ್ಯನಾಗಿ ನಿನಗೆ ಹೇಳಲೇಬೇಕು ಅನ್ನಿಸಿದ್ದು ಇಷ್ಟು: ಅಲ್ಲಿ ಹೋದವಳು ಕೊಬ್ಬಿದ ಹೋರಿಯ ಮುಂದೆಯೇ ನಿಂತುಬಿಡಬೇಡ. ಅದರ ತಾಯಿ ಎಲ್ಲಿ ಮೇಯುತ್ತಿತ್ತು, ಗಬ್ಬದಲ್ಲಿದ್ದಾಗ ಹೊಟ್ಟೆಗೆ ಏನು ಸಿಕ್ಕಿತ್ತು ಎಂದು ಕೇಳಿಕೊಂಡು ಹೋಗು.

ಅಲ್ಲಿ ನಿನಗೆ ಮೊದಲು ತೋರಿಸುವುದು ದನ ಕೊಬ್ಬಿಸುವ ಫೀಡ್‌ಲಾಟನ್ನೇ. ಸಾವಿರಾರು ದನ, ಹಬೆಯಲ್ಲಿ ಬೇಯಿಸಿ ಚಪ್ಪಟೆಯಾಗಿ ಒತ್ತಿದ ಮೆಕ್ಕೆಜೋಳ, ಮೈತುಂಬಿದ ಹೋರಿಗಳು. ಆಮೇಲೆ ಕಸಾಯಿಖಾನೆಯ ಶೀತಲ ಕೋಣೆಗೆ ಕರೆದೊಯ್ಯುತ್ತಾರೆ. ಅಲ್ಲಿ 12 ಮತ್ತು 13ನೇ ಪಕ್ಕೆಲುಬುಗಳ ನಡುವೆ ಕೊಯ್ದು, ಬೆನ್ನಿನ ಸ್ನಾಯುವಿನಲ್ಲಿ ಬಿಳಿ ಕೊಬ್ಬು ಎಷ್ಟು ಹರಡಿದೆ ಎಂದು ನೋಡಿ ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂದು ದರ್ಜೆ ಕೊಡುತ್ತಾರೆ. ಮಾರ್ಬ್ಲಿಂಗ್ ಎಂದರೆ ಆ ಬಿಳಿ ಎಳೆಗಳೇ. ಬೆಲೆ ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ಇದನ್ನೆಲ್ಲ ಕಂಡವರಿಗೆ ಕೊನೆಯ ಕೆಲವು ತಿಂಗಳ ಜೋಳವೇ ಆ ಎಳೆಗಳನ್ನು ಹುಟ್ಟಿಸಿತು ಎನ್ನಿಸುವುದು ಸಹಜ. ಆದರೆ ಜೋಳ ಮಾಡಿದ್ದು ಮುಖ್ಯವಾಗಿ ಕಣಜ ತುಂಬುವ ಕೆಲಸ. ಆ ಕಣಜಗಳನ್ನು, ಅಂದರೆ ಕೊಬ್ಬಿನ ಕೋಶಗಳನ್ನು, ಕಟ್ಟಿದ್ದು ಬಹಳ ಮೊದಲು.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಭ್ರೂಣದಲ್ಲಿ ಮೀಸೆಂಕೈಮಲ್ ಎಂಬ ಕಾಂಡಕೋಶಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಸ್ನಾಯುವಾಗುತ್ತವೆ, ಉಳಿದವುಗಳಲ್ಲಿ ಕೆಲವು ಕೊಬ್ಬಿನ ಕೋಶಗಳಾಗುವ ದಾರಿ ಹಿಡಿಯುತ್ತವೆ. ಸ್ನಾಯುವಿನ ಎಳೆಗಳ ಸಂಖ್ಯೆ ಕರು ಹುಟ್ಟುವ ಹೊತ್ತಿಗೆ ನಿಂತುಹೋಗಿರುತ್ತದೆ, ಆಮೇಲೆ ಎಳೆ ದಪ್ಪವಾಗುವುದಷ್ಟೆ. ಕೊಬ್ಬಿನ ಕೋಶಗಳು ಮಾತ್ರ ಒಂದೊಂದು ಜಾಗದಲ್ಲಿ ಒಂದೊಂದು ಕಾಲಕ್ಕೆ ಹುಟ್ಟುತ್ತವೆ. ಹೊಟ್ಟೆಯೊಳಗೆ, ಮೂತ್ರಪಿಂಡದ ಸುತ್ತ ಎಲ್ಲಕ್ಕಿಂತ ಮೊದಲು. ಆಮೇಲೆ ಚರ್ಮದಡಿ ಮತ್ತು ಸ್ನಾಯು ಸ್ನಾಯುಗಳ ನಡುವೆ. ಸ್ನಾಯುವಿನ ಒಳಗೆ ಎಲ್ಲಕ್ಕಿಂತ ತಡವಾಗಿ, ಗಬ್ಬದ ಕೊನೆಯ ಭಾಗದಿಂದ ಹಿಡಿದು ಕರುವಿಗೆ ಸುಮಾರು 250 ದಿನವಾಗುವವರೆಗೆ. ವಾಷಿಂಗ್‌ಟನ್ ಸ್ಟೇಟ್ ವಿಶ್ವವಿದ್ಯಾಲಯದ ಮಿನ್ ಡು ಮತ್ತು ಅವರ ಸಂಗಡಿಗರು ಈ ಕಾಲಕ್ರಮವನ್ನು ವಿವರವಾಗಿ ಬರೆದಿದ್ದಾರೆ. ಅಲ್ಲಿಗೆ ತಲುಪುವ ಮೊದಲೇ ಅವರ ಲೇಖನಗಳನ್ನು ಓದಿ ಮುಗಿಸು. ಆ ವಯಸ್ಸು ದಾಟಿದ ಮೇಲೆ ಹೊಸ ಕೋಶ ಹುಟ್ಟುವುದೇ ಇಲ್ಲ ಎಂದಲ್ಲ, ವೇಗ ಇಳಿದುಹೋಗುತ್ತದೆ. ಇರುವ ಕೋಶಗಳೇ ಉಬ್ಬುತ್ತವೆ.

ತುಂಬುವಾಗಲೂ ಸ್ನಾಯುವಿನೊಳಗಿನ ಕೋಶಗಳ ಸರದಿ ಕೊನೆಯದೇ. ಅಲ್ಲಿ ಕೋಶಗಳೇ ಕಡಿಮೆಯಿದ್ದ ಹೋರಿಗೆ ಕೊನೆಯಲ್ಲಿ ಎಷ್ಟೇ ತಿನ್ನಿಸಿದರೂ ಬೆನ್ನಿನ ಮೇಲಿನ ಕೊಬ್ಬಷ್ಟೇ ದಪ್ಪವಾಗುತ್ತದೆ. ಅದನ್ನು ಕಟುಕ ಕೊಯ್ದು ತೆಗೆಯಬೇಕು. ಮೇವೂ ಹೋಯಿತು, ದುಡ್ಡೂ ಹೋಯಿತು.

ಇಲ್ಲಿ ಇನ್ನೊಂದು ವಿಷಯ ಹೇಳದೆ ಮುಂದಕ್ಕೆ ಹೋಗಲು ಮನಸ್ಸಿಲ್ಲ. ಹುಟ್ಟಿದ ಕರುವಿನ ಮೂತ್ರಪಿಂಡದ ಸುತ್ತ ಇರುವ ಕೊಬ್ಬು ಕೂಡಿಡುವ ಕೊಬ್ಬಲ್ಲ, ಉರಿದು ಶಾಖ ಕೊಡುವ ಕಂದು ಕೊಬ್ಬು. ಯುಸಿಪಿ1 ಎಂಬ ಪ್ರೋಟೀನು ಆ ಕೆಲಸ ಮಾಡುತ್ತದೆ. ಅಲ್ಲಿ ಮಾರ್ಚ್‌ನ ಹಿಮದಲ್ಲಿ ಹುಟ್ಟಿಬಿದ್ದ ಕರು ಎದ್ದು ನಿಂತು ಹಾಲು ಕುಡಿಯುವವರೆಗೆ ಅದರ ಜೀವ ಹಿಡಿಯುವುದರಲ್ಲಿ ಇದರ ಪಾಲು ದೊಡ್ಡದು. ಕೆಲವೇ ವಾರಗಳಲ್ಲಿ ಅದೇ ಜಾಗದಲ್ಲಿ ಬಿಳಿ ಕೊಬ್ಬು ತುಂಬಿಕೊಳ್ಳುತ್ತದೆ. ಕೊಬ್ಬು ಎಂದರೆ ಬರೀ ದಾಸ್ತಾನು ಎಂದುಕೊಂಡವರಿಗೆ ಇದು ಕಾಣುವುದಿಲ್ಲ.

ತಾಯಿಯ ಮಾತಿಗೆ ಬರೋಣ. ನೀನು ಹೋಗುವ ರಾಜ್ಯದಲ್ಲೇ ಸ್ಯಾಂಡ್‌ಹಿಲ್ಸ್ ಎಂಬ ಮರಳುಗುಡ್ಡಗಳ ಹುಲ್ಲುಗಾವಲಿದೆ. ಅಲ್ಲಿ ನೀನು ಸೇರಲಿರುವ ವಿಶ್ವವಿದ್ಯಾಲಯದ್ದೇ ಗುಡ್‌ಮಂಡ್ಸನ್ ಪ್ರಯೋಗಾಲಯವೂ ಇದೆ. ಚಳಿಗಾಲದಲ್ಲಿ ಹುಲ್ಲು ಒಣಗಿ ಅದರಲ್ಲಿ ಪ್ರೋಟೀನು ತೀರಾ ಕಡಿಮೆಯಾಗುತ್ತದೆ. ಹಸುಗಳು ತುಂಬು ಗಬ್ಬದಲ್ಲಿರುವುದೂ ಆಗಲೇ. ರಿಕ್ ಫನ್‌ಸ್ಟನ್ ಮತ್ತಿತರರು ಕೆಲವು ಹಸುಗಳಿಗೆ ಬರೀ ಒಣಹುಲ್ಲು, ಕೆಲವಕ್ಕೆ ಹುಲ್ಲಿನ ಜೊತೆ ದಿನಕ್ಕೆ ಅರ್ಧ ಕಿಲೋದಷ್ಟು ಪ್ರೋಟೀನು ಆಹಾರ ಕೊಟ್ಟು ನೋಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪ್ರೋಟೀನು ತಿಂದ ತಾಯಂದಿರ ಗಂಡು ಕರುಗಳಲ್ಲಿ ಮಾರ್ಬ್ಲಿಂಗ್ ಹೆಚ್ಚಿತ್ತು, ಚಾಯ್ಸ್ ದರ್ಜೆ ಪಡೆದವೂ ಹೆಚ್ಚು. ಅದಕ್ಕೂ ಮೊದಲಿನ ಪ್ರಯೋಗವೊಂದರಲ್ಲಿ ಅಂಥ ತಾಯಂದಿರ ಹೆಣ್ಣು ಕರುಗಳು ಕಡಸಾದಾಗ ಗಬ್ಬ ಕಟ್ಟುವ ಪ್ರಮಾಣವೂ ಮೇಲಿತ್ತು. ದಿನಕ್ಕೆ ಅರ್ಧ ಕಿಲೋ, ಅದೂ ತಾಯಿಗೆ! ನಿನ್ನ ಗೈಡ್ ಒಪ್ಪಿದರೆ ಒಂದು ಚಳಿಗಾಲ ಅಲ್ಲಿಗೆ ಹೋಗಿ ಇದ್ದು ಬಾ.

ಇನ್ನು ಲ್ಯಾಬಿನ ಮಾತು. ಬೆನ್ನಿನ ಕೊಬ್ಬಿನ ಚೂರು ತೆಗೆಯುವುದು ಸುಲಭ, ಹಾಗಾಗಿ ಅದನ್ನೇ ಪರೀಕ್ಷಿಸಿ ಮಾರ್ಬ್ಲಿಂಗ್ ಬಗ್ಗೆ ತೀರ್ಮಾನ ಹೇಳುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ದನದಲ್ಲಿ ಕೊಬ್ಬು ತಯಾರಾಗುವುದು ಯಕೃತ್ತಿನಲ್ಲಲ್ಲ, ಹೆಚ್ಚಾಗಿ ಕೊಬ್ಬಿನ ಕೋಶದಲ್ಲೇ. ಆ ಕೋಶಗಳು ಎಲ್ಲ ಕಡೆಯೂ ಒಂದೇ ಕಚ್ಚಾವಸ್ತು ಬಳಸುತ್ತವೆ ಎನ್ನುವಂತಿಲ್ಲ. 1984ರಲ್ಲಿ ಸ್ಮಿತ್ ಮತ್ತು ಕ್ರೌಸ್ ತೋರಿಸಿದ್ದು, ಚರ್ಮದಡಿಯ ಕೊಬ್ಬಿಗೆ ಬೇಕಾದ ಇಂಗಾಲದಲ್ಲಿ ಶೇ 70-80ರಷ್ಟು ಅಸಿಟೇಟ್‌ನಿಂದ ಬಂದರೆ, ಸ್ನಾಯುವಿನೊಳಗಿನ ಕೊಬ್ಬಿಗೆ ಶೇ 50-75ರಷ್ಟು ಗ್ಲೂಕೋಸ್‌ನಿಂದ ಬರುತ್ತದೆ ಎಂದು. ಜೋಳ ತಿಂದಾಗ ದನದ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಪ್ರೊಪಿಯೊನೇಟ್ ಹೆಚ್ಚಿ, ಯಕೃತ್ತು ಅದರಿಂದ ಗ್ಲೂಕೋಸ್ ಮಾಡುತ್ತದೆ. ಜೋಳಕ್ಕೂ ಮಾರ್ಬ್ಲಿಂಗ್‌ಗೂ ಇರುವ ನಂಟನ್ನು ಬಹುಕಾಲ ಹೀಗೆಯೇ ವಿವರಿಸಿದರು. ಆಮೇಲಿನ ಎಲ್ಲ ಪ್ರಯೋಗಗಳೂ ಇದೇ ಅಂಕಿ ಕೊಟ್ಟಿಲ್ಲ. ಬಾಯಿಪಾಠ ಮಾಡದೆ ನೀನೇ ಒರೆಗೆ ಹಚ್ಚು. ಕೋಶದ ಗಾತ್ರ ಅಳೆದ ದಿನ ಸಂಖ್ಯೆಯನ್ನೂ ಎಣಿಸು.

ಜಪಾನಿನ ವಾಗ್ಯು ದನದ ಕಥೆಗೆ ಮರುಳಾಗುವುದು ಸುಲಭ. ಜಪಾನೀಸ್ ಬ್ಲ್ಯಾಕ್ ತಳಿಯ ಬೆನ್ನಿನ ಸ್ನಾಯುವಿನಲ್ಲಿ ಕೊಬ್ಬು ಶೇ 30ನ್ನೂ ದಾಟುತ್ತದೆ. ಅದರಲ್ಲಿ ಒಲೀಕ್ ಆಮ್ಲ ಹೆಚ್ಚಿರುವುದರಿಂದ ಬೇಗ ಕರಗುತ್ತದೆ. ಇದರಲ್ಲಿ ತಳಿಯ ಗುಣ ದೊಡ್ಡದು. ಜೊತೆಗೆ ಅಲ್ಲಿ ಕೊಬ್ಬಿಸುವ ನಡುಗಾಲದಲ್ಲಿ ವಿಟಮಿನ್ ಎ ತಗ್ಗಿಸುವ ರೂಢಿಯಿದೆ, ಏಕೆಂದರೆ ಅದರಿಂದಾಗುವ ರೆಟಿನೋಯಿಕ್ ಆಮ್ಲ ಕೊಬ್ಬಿನ ಕೋಶ ಬಲಿಯುವುದನ್ನು ತಡೆಯುತ್ತದೆ. ಹೀಗೆ ತಗ್ಗಿಸುವುದು ಅತಿಯಾದರೆ ದನ ಕುರುಡಾಗುತ್ತದೆ, ಕಾಲು ಬಾತುಕೊಳ್ಳುತ್ತದೆ. ಹುಟ್ಟಿದ ಹೊಸತರಲ್ಲಿ ಕರುವಿಗೆ ಅದೇ ವಿಟಮಿನ್ ಎ ಕೊಟ್ಟರೆ ಕೊಬ್ಬಿನ ಕೋಶಗಳ ಮೂಲಕೋಶಗಳು ಹೆಚ್ಚುತ್ತವೆ ಎಂದು ಮಿನ್ ಡು ತಂಡ ಆಂಗಸ್ ಕರುಗಳಲ್ಲಿ ಕಂಡಿದೆ. ಒಂದೇ ವಸ್ತು, ವಯಸ್ಸಿಗೆ ತಕ್ಕಂತೆ ಎರಡು ಪರಿಣಾಮ. ಕಣ್ಣು ಕಳೆಯುವ ದಾರಿಗಿಂತ ಕರುವಿನ ವಯಸ್ಸಿನಲ್ಲೇ ಕೆಲಸ ಮಾಡುವ ಈ ದಾರಿಯಲ್ಲಿ ನೀನು ದುಡಿದರೆ ನನಗೆ ಸಂತೋಷ.

ಟೆಕ್ಸಾಸ್ ಕಡೆ ಹೋದರೆ ಬ್ರಾಹ್ಮನ್ ತಳಿಯ ಡುಬ್ಬದ ದನಗಳನ್ನು ನೋಡು. ಇಲ್ಲಿಂದ ಹೋದ ಗೀರ್, ಓಂಗೋಲ್, ಕಾಂಕ್ರೇಜ್‌ಗಳ ಜೊತೆ ನಮ್ಮ ಕೃಷ್ಣಾ ತೀರದ ದನದ ರಕ್ತವೂ ಅವುಗಳಲ್ಲಿದೆ. ಬಿಸಿಲು, ಉಣ್ಣೆಹುಳಗಳನ್ನು ತಡೆದುಕೊಳ್ಳುತ್ತವೆ, ಮಾರ್ಬ್ಲಿಂಗ್ ಮಾತ್ರ ಆಂಗಸ್‌ಗಿಂತ ಕಡಿಮೆ. ಅದನ್ನು ಕೊರತೆ ಎಂದು ಅಲ್ಲಿನವರು ಬರೆಯುತ್ತಾರೆ. ನೊಗ ಹೊತ್ತು ಬಿಸಿಲಿನಲ್ಲಿ ನಡೆಯಲು ಆರಿಸಿ ಬೆಳೆಸಿದ ದನಗಳ ಸಂತತಿಗೆ ಆ ಅಳತೆಗೋಲು ಸಲ್ಲದು ಎಂದು ನೀನು ಬರೆ.

ನಿಮ್ಮಪ್ಪನ ಕಸಿವಿಸಿಯ ಮಾತು. ದೀಪಾವಳಿಗೆ ಹಸುವಿನ ಕೊರಳಿಗೆ ಹಾರ ಹಾಕುವ ಮನೆಯಿಂದ ಹೋಗಿ ಕಸಾಯಿಖಾನೆಯಲ್ಲಿ ಸ್ಯಾಂಪಲ್ ತೆಗೆಯುವುದು ನಿನಗೂ ಮೊದಮೊದಲು ಕಷ್ಟವಾಗಬಹುದು. ಮನೆಯವರಿಂದ ಮುಚ್ಚಿಡಬೇಡ, ಮಾಡುವ ಕೆಲಸ ಹೀಗಿದೆ ಎಂದು ನೇರವಾಗಿ ಹೇಳು. ಕಸಾಯಿಖಾನೆಯಲ್ಲಿ ದುಡಿಯುವ ಜನರನ್ನು ಮನಸ್ಸಿನಲ್ಲೂ ಕೀಳಾಗಿ ಕಾಣಬೇಡ. ನಿಮ್ಮಪ್ಪನ ಜೊತೆ ನಾನು ಮಾತಾಡುತ್ತೇನೆ.

ಅವನಿಗೆ ನಾನು ಹೇಳುವುದು ಇದನ್ನೇ: ನಮ್ಮ ಊರುಗಳಲ್ಲಿ ಹಾಲು ಬತ್ತಿದ ಕೂಡಲೇ ಎಷ್ಟೋ ಮನೆಗಳಲ್ಲಿ ಹಸುವಿಗೆ ಹಿಂಡಿ ನಿಲ್ಲಿಸುತ್ತಾರೆ. ಹಾಲು ಕೊಡದ ಹಸುವಿಗೆ ಯಾಕೆ ಖರ್ಚು ಎಂಬ ಲೆಕ್ಕ. ಹೊಟ್ಟೆಯೊಳಗಿನ ಕರು ಬೇಗ ಬೇಗ ಬೆಳೆಯುವುದು ಗಬ್ಬದ ಆ ಕೊನೆಯ ಮೂರು ತಿಂಗಳಲ್ಲೇ. ಆ ಹೊತ್ತಿನ ರಾಗಿಹುಲ್ಲು ಮತ್ತು ಒಂದು ಹಿಡಿ ಹಿಂಡಿಯ ನಡುವಿನ ವ್ಯತ್ಯಾಸ ಮುಂದೆ ಆ ಹೆಣ್ಣು ಕರುವಿನ ಮೈಕಟ್ಟು, ಗಬ್ಬ, ಹಾಲುಗಳಲ್ಲಿ ಹೇಗೆ ಕಾಣುತ್ತದೆ ಎಂದು ಅಳೆಯಲು ಬೇಕಾದ ವಿದ್ಯೆ ಸ್ಯಾಂಡ್‌ಹಿಲ್ಸ್‌ನಲ್ಲಿ ಸಿಗುತ್ತದೆ. ಅಲ್ಲಿನ ತೂಕದ ಪುಸ್ತಕ, ಮೇವಿನ ಲೆಕ್ಕ, ತಾಯಿ-ಕರುವಿನ ದಾಖಲೆ ಇಡುವ ಕ್ರಮ ಎಲ್ಲವನ್ನೂ ನಿನ್ನ ಕೈಯಿಂದಲೇ ಮಾಡಿ ಕಲಿತುಕೊಂಡು ಬಾ.