ಎದೆನೋವು ತಾನಾಗಿ ನಿಂತರೂ ಆಸ್ಪತ್ರೆಗೆ ಹೋಗಿ

2020ರ ಲಾಕ್‌ಡೌನ್‌ನಲ್ಲಿ ಮುಂಬಯಿಯ ಲೋಕಲ್ ರೈಲು ನಿಂತು, ಅಲ್ಲಿನ ನಾಯರ್ ಆಸ್ಪತ್ರೆಯೇ ಕೋವಿಡ್‌ಗೆ ಮೀಸಲಾಯಿತು. ಎದೆ ಹಿಡಿದರೂ ‘ಗ್ಯಾಸ್ ಇರಬೇಕು, ಆಸ್ಪತ್ರೆಗೆ ಹೋದರೆ ಕೊರೊನಾ ಅಂಟೀತು’ ಎಂದು ಜೀರಿಗೆ ಕಷಾಯ ಕುಡಿದು ಮಲಗಿದವರು ಅನೇಕರು. ಆ ತಿಂಗಳುಗಳಲ್ಲಿ ದೇಶದಲ್ಲಿ ಹೃದಯಾಘಾತಕ್ಕೆ ದಾಖಲಾದವರ ಸಂಖ್ಯೆ ಸುಮಾರು ಮೂರನೇ ಒಂದರಷ್ಟು ಇಳಿಯಿತು. ಕಾಯಿಲೆ ಇಳಿದಿರಲಿಲ್ಲ, ಜನ ಬಂದಿರಲಿಲ್ಲ.

ತಡವಾದರೆ ಆಗುವುದೇನು? ರಕ್ತ ಸಿಗದ ಹೃದಯದ ಸ್ನಾಯು ಸಾಯುತ್ತದೆ, ನೋವೂ ಅಡಗಬಹುದು. ಆದರೆ ಸತ್ತ ಭಾಗ ಮೆತ್ತಗಾಗಿ, ಮೊದಲ ದಿನವೋ ಮೂರರಿಂದ ಐದು ದಿನದೊಳಗೋ ಹೃದಯದ ಒಳಗೋಡೆ ತೂತಾಗಬಹುದು. ಕವಾಟ ಹಿಡಿದಿರುವ ಸ್ನಾಯು ಹರಿಯಬಹುದು. ಆಗ ಮುಖ್ಯವಾಗಿ ಕಾಣುವುದು ಏದುಸಿರು: ರೋಗಿ ಮಲಗಲಾಗದೆ ಎದ್ದು ಕೂರುತ್ತಾರೆ, ಕೈಕಾಲು ತಣ್ಣಗಾಗುತ್ತವೆ, ಮೂತ್ರ ಕಡಿಮೆಯಾಗುತ್ತದೆ. ಅಷ್ಟರಲ್ಲಿ ಸ್ಟೆಂಟ್ ಒಂದರಿಂದ ಸರಿಹೋಗುವ ಹಂತ ದಾಟಿರುತ್ತದೆ, ಅಪಾಯದ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಆದ್ದರಿಂದ ಇವತ್ತೇ ಒಂದು ಕೆಲಸ ಮಾಡಿ. ಚೆಂಬೂರಿನ ನಿಮ್ಮ ಹತ್ತಿರದ ಆಸ್ಪತ್ರೆಗೆ ಫೋನ್ ಮಾಡಿ, ‘ರಾತ್ರಿಯೂ ಆಂಜಿಯೋಪ್ಲಾಸ್ಟಿ ಮಾಡುತ್ತೀರಾ?’ ಎಂದು ಕೇಳಿ. ಇಲ್ಲವೆಂದರೆ ಸಯನ್ ಆಸ್ಪತ್ರೆ, ಪರೇಲ್‌ನ ಕೆಇಎಂ ಕಡೆ ವಿಚಾರಿಸಿ. ಉತ್ತರವನ್ನು ಫ್ರಿಜ್ ಮೇಲೆ ಅಂಟಿಸಿಡಿ. ಹಳೆಯ ಇಸಿಜಿ, ಮಾತ್ರೆಗಳ ಚೀಟಿ, ವಿಮೆ ಕಾರ್ಡು ಒಂದೇ ಫೈಲಿನಲ್ಲಿರಲಿ.

ಎದೆ ಬಿಗಿತ, ಬೆವರು, ದವಡೆ ಅಥವಾ ಎಡಗೈಗೆ ಹರಡುವ ನೋವು ಹತ್ತು ನಿಮಿಷ ಮೀರಿತೇ? 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಬರೀ ಸುಸ್ತು, ವಾಕರಿಕೆಯಾಗಿಯೂ ಬರುತ್ತದೆ; ಇದನ್ನು ಮನೆಯವರು ಹಗುರವಾಗಿ ತೆಗೆದುಕೊಳ್ಳುತ್ತಾರೆ ಎಂಬುದೇ ನನ್ನ ಹೆಚ್ಚಿನ ಭಯ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿಸಿ ನುಂಗಿಸಿ. ವೈದ್ಯರು ಮೊದಲೇ ಬರೆದುಕೊಟ್ಟಿಲ್ಲದ ಸಾರ್ಬಿಟ್ರೇಟ್ ನಾಲಿಗೆ ಕೆಳಗೆ ಇಡಬೇಡಿ, ರಕ್ತದೊತ್ತಡ ಕುಸಿಯಬಹುದು. ಲಿಫ್ಟ್ ಇಲ್ಲದ ಕಟ್ಟಡವಾದರೆ ಮೆಟ್ಟಿಲು ನಡೆಸಬೇಡಿ, ಕುರ್ಚಿಯಲ್ಲಿ ಕೂರಿಸಿ ಇಳಿಸಿ. ಸ್ಕೂಟರ್ ಬೇಡವೇ ಬೇಡ.

ಸಾಂಕ್ರಾಮಿಕ ಕಾಲವಾಗಿದ್ದರೆ ಮಾಸ್ಕ್ ಹಾಕಿ ಹೊರಡಿ. ಸೋಂಕಿನ ಪರೀಕ್ಷೆಯ ವರದಿ ಬರಲೆಂದು ಮನೆಯಲ್ಲಿ ಕಾಯಬೇಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನೋವು ಶುರುವಾಗಿ 12 ಗಂಟೆಯವರೆಗೆ ಅವಕಾಶವಿದ್ದರೂ, ಮೊದಲ ಎರಡು ಮೂರು ಗಂಟೆಯಲ್ಲೇ ಅದು ಹೆಚ್ಚು ಸ್ನಾಯು ಉಳಿಸುತ್ತದೆ.

ನಿನ್ನೆ ಮೊನ್ನೆಯೇ ನೋವು ಬಂದು ಹೋಗಿದೆಯೇ? ಈಗಲಾದರೂ ಹೋಗಿ. ಹೃದಯದ ಸ್ನಾಯುವಿಗೆ ಹಾನಿಯಾದಾಗ ಸೋರುವ ಟ್ರೋಪೋನಿನ್ ಕೆಲವು ದಿನ ರಕ್ತದಲ್ಲಿ ಉಳಿದಿರುತ್ತದೆ. ಇಸಿಜಿ ನೋಡಿ ಕಳಿಸಿದರೆ ಎಕೋ (ಹೃದಯದ ಸ್ಕ್ಯಾನ್) ಮಾಡಬೇಕೇ ಎಂದು ನೀವೇ ಕೇಳಿ. ಗೋಡೆಯ ತೂತು, ಕವಾಟದ ಸೋರಿಕೆ ಕಾಣುವುದು ಅದರಲ್ಲೇ.